1:10 ಅಂದರೆ ಎಷ್ಟು? ಕಾರು ತೊಳೆಯುವ ದ್ರವಕ್ಕೆ ನೀರು ಬೆರೆಸುವ ಲೆಕ್ಕ

ಕಾರು ತೊಳೆಯುವ ಶಾಂಪೂ, ಫೋಮ್, ಆಲ್ ಪರ್ಪಸ್ ಕ್ಲೀನರ್ ಇವೆಲ್ಲ ಈಗ ಮನೆಬಳಕೆಗೂ ಕಾನ್ಸೆಂಟ್ರೇಟ್ ರೂಪದಲ್ಲೇ ಸಿಗುತ್ತವೆ. ಕ್ಯಾನ್ ತಂದವರೇ ನೀರು ಬೆರೆಸಿಕೊಳ್ಳಬೇಕು. ಕ್ಯಾನಿನ ಹಿಂದಿನ ಚೀಟಿ ತಿರುಗಿಸಿ ನೋಡಿದರೆ ಒಂದರಲ್ಲಿ 1:10 ಎಂದಿರುತ್ತದೆ, ಇನ್ನೊಂದರಲ್ಲಿ 10:1, ಮತ್ತೊಂದರಲ್ಲಿ ಶೇ. 3. ಒಂದು ಕಡೆ 1:256 ಎಂಬ ವಿಚಿತ್ರ ಸಂಖ್ಯೆ, ಮತ್ತೊಂದು ಕಡೆ ‘ಬಕೆಟ್ಟಿಗೆ ಎರಡು ಮುಚ್ಚಳ’. ಹೇಳುವ ರೀತಿ ಬೇರೆ ಬೇರೆಯಾದರೂ ಇವೆಲ್ಲ ತಿಳಿಸಲು ಹೊರಟಿರುವ ವಿಷಯ ಒಂದೇ: ಕೊಳೆಯ ಮೇಲೆ, ಅಂದರೆ ಪೇಂಟಿನ ಮೇಲೋ ಸೀಟಿನ ಮೇಲೋ ಬೀಳುವ ಹೊತ್ತಿಗೆ, ಆ ದ್ರವ ಎಷ್ಟು ಗಾಢವಾಗಿರಬೇಕು ಎಂಬುದು.

ಬಾಟಲಿಯಲ್ಲಿ ಬೆರೆಸಿಟ್ಟ ಗಾಢತೆಯೂ ಕಾರಿಗೆ ತಾಗುವ ಗಾಢತೆಯೂ ಎಲ್ಲ ಸಲವೂ ಒಂದೇ ಆಗಿರುವುದಿಲ್ಲ. ಬಹುಪಾಲು ಎಡವಟ್ಟುಗಳು ಆಗುವುದು ಅಲ್ಲಿಯೇ. ಮೊದಲು ಸರಳ ಲೆಕ್ಕ ಮುಗಿಸಿ, ಆಮೇಲೆ ಆ ವ್ಯತ್ಯಾಸಕ್ಕೆ ಬರೋಣ.

## ಪಾಲಿನ ಲೆಕ್ಕ

ಗಾರೆ ಕಲಸುವವರು ‘ಒಂದಕ್ಕೆ ನಾಲ್ಕು’ ಎಂದರೆ ಒಂದು ಬಾಂಡ್ಲಿ ಸಿಮೆಂಟು, ನಾಲ್ಕು ಬಾಂಡ್ಲಿ ಮರಳು ಎಂದರ್ಥ. ಕಲಸಿದ ರಾಶಿಯಲ್ಲಿ ಒಟ್ಟು ಐದು ಪಾಲು. ಇಲ್ಲಿಯೂ ಹಾಗೆಯೇ. 1:4 ಎಂದರೆ ಒಂದು ಪಾಲು ಮೂಲ ದ್ರವ, ನಾಲ್ಕು ಪಾಲು ನೀರು, ಒಟ್ಟು ಐದು ಪಾಲು. 1:10 ಎಂದರೆ ಒಟ್ಟು ಹನ್ನೊಂದು. ಪಾಲಿನ ಗಾತ್ರ ಎಷ್ಟಾದರೂ ಇರಲಿ, ಮೂಲ ದ್ರವ ಅಳೆದ ಪಾತ್ರೆಯಲ್ಲೇ ನೀರನ್ನೂ ಅಳೆದರೆ ಸಾಕು.

ತೊಡಕು ಶುರುವಾಗುವುದು ಬಾಟಲಿಯ ಅಳತೆ ಮೊದಲೇ ನಿಗದಿಯಾಗಿರುವುದರಿಂದ. ಕೈಯಲ್ಲಿರುವುದು 500 ಮಿ.ಲೀ. ಬಾಟಲಿ. ಅದರಲ್ಲಿ 1:10 ಮಾಡಬೇಕು. ಹಲವರು 500ನ್ನು ಹತ್ತರಿಂದ ಭಾಗಿಸಿ 50 ಮಿ.ಲೀ. ದ್ರವ ಹಾಕಿ, ಉಳಿದ ಜಾಗಕ್ಕೆ ನೀರು ತುಂಬುತ್ತಾರೆ. ಆಗ ನೀರು ಹಿಡಿಸುವುದು 450 ಮಿ.ಲೀ. ಮಾತ್ರ. ಆದದ್ದು 1:9. ಸರಿಯಾದ ಲೆಕ್ಕಕ್ಕೆ ಎರಡೂ ಸಂಖ್ಯೆಗಳನ್ನು ಕೂಡಿಸಿ, ಬಂದ ಮೊತ್ತದಿಂದ ಬಾಟಲಿಯ ಅಳತೆಯನ್ನು ಭಾಗಿಸಬೇಕು. 500 ಭಾಗಿಸು 11, ಅಂದರೆ ಸುಮಾರು 45 ಮಿ.ಲೀ. ಉಳಿದ 455 ನೀರು.

1:10ರಲ್ಲಿ 45ಕ್ಕೂ 50ಕ್ಕೂ ಇರುವ ವ್ಯತ್ಯಾಸ ಕೆಲಸದಲ್ಲಿ ಗೊತ್ತೇ ಆಗುವುದಿಲ್ಲ, ಅದಕ್ಕಾಗಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಆದರೆ ಸಂಖ್ಯೆ ಚಿಕ್ಕದಾದಷ್ಟೂ ಇದೇ ತಪ್ಪು ದೊಡ್ಡದಾಗುತ್ತದೆ. 1:4ಕ್ಕೆ 500 ಮಿ.ಲೀ. ಬಾಟಲಿಯಲ್ಲಿ ಇರಬೇಕಾದದ್ದು 100 ಮಿ.ಲೀ. ನಾಲ್ಕರಿಂದ ಭಾಗಿಸಿದವರು 125 ಹಾಕುತ್ತಾರೆ, ಕಾಲುಪಾಲು ಹೆಚ್ಚು. 1:1ರಲ್ಲಿ ಇದೇ ದಾರಿ ಹಿಡಿದರೆ ಬಾಟಲಿ ತುಂಬ ಮೂಲ ದ್ರವವೇ ಆಗಿ, ನೀರಿಗೆ ಜಾಗವೇ ಇರುವುದಿಲ್ಲ! ಇತ್ತ 1:100ರಲ್ಲಿ ನೂರರಿಂದ ಭಾಗಿಸಿದರೂ ನೂರೊಂದರಿಂದ ಭಾಗಿಸಿದರೂ ಬರುವುದು ಹೆಚ್ಚುಕಡಿಮೆ ಅದೇ 5 ಮಿ.ಲೀ.

ಬಾಟಲಿಯ ಮೇಲೆ ಬರೆದಿಟ್ಟುಕೊಳ್ಳಲು 500 ಮಿ.ಲೀ.ಗೆ ಬೇಕಾದ ಮೂಲ ದ್ರವ ಇಷ್ಟು. ಲೀಟರಿಗಾದರೆ ಇಮ್ಮಡಿ ಮಾಡಿಕೊಳ್ಳಿ.

1:1 – 250 ಮಿ.ಲೀ.
1:3 – 125 ಮಿ.ಲೀ.
1:4 – 100 ಮಿ.ಲೀ.
1:5 – 83 ಮಿ.ಲೀ.
1:10 – 45 ಮಿ.ಲೀ.
1:20 – 24 ಮಿ.ಲೀ.
1:50 – 10 ಮಿ.ಲೀ.
1:100 – 5 ಮಿ.ಲೀ.

500 ಮಿ.ಲೀ. ಎಂದು ಮಾರುವ ಸ್ಪ್ರೇ ಬಾಟಲಿಗಳಲ್ಲಿ ಕುತ್ತಿಗೆಯ ತನಕ ತುಂಬಿದರೆ ಇನ್ನೂ ಹೆಚ್ಚೇ ಹಿಡಿಯುತ್ತದೆ. ಒಮ್ಮೆ ಅಳತೆ ಜಾರಿನಿಂದ 500 ಮಿ.ಲೀ. ನೀರು ಸುರಿದು, ಎಲ್ಲಿಗೆ ಬಂತೋ ಅಲ್ಲಿ ಮಾರ್ಕರ್ ಪೆನ್ನಿನಿಂದ ಗೆರೆ ಎಳೆದಿಡಿ.

## 10:1, ಶೇಕಡಾ, ಔನ್ಸು, ಮುಚ್ಚಳ

10:1 ಎಂದು ಬರೆದ ಚೀಟಿ ನೋಡಿ ಹತ್ತು ಪಾಲು ದ್ರವಕ್ಕೆ ಒಂದು ಪಾಲು ನೀರು ಎಂದುಕೊಂಡರೆ ಅನಾಹುತ. ಕೆಲವು ತಯಾರಕರು ನೀರನ್ನು ಮೊದಲು ಬರೆಯುತ್ತಾರೆ, ಅಷ್ಟೇ. ಕಾರು ತೊಳೆಯುವ ದ್ರವಗಳಲ್ಲಿ ‘1’ ಯಾವ ಕಡೆ ಇದ್ದರೂ ಅದು ಮೂಲ ದ್ರವ, ದೊಡ್ಡ ಸಂಖ್ಯೆ ನೀರು ಎಂದು ಓದಿಕೊಳ್ಳುವುದೇ ರೂಢಿ. ಅನುಮಾನವಿದ್ದರೆ ಅದೇ ಚೀಟಿಯಲ್ಲಿ ‘ಲೀಟರಿಗೆ ಇಷ್ಟು ಮಿ.ಲೀ.’ ಎಂಬ ಸಾಲು ಇದೆಯೇ ಹುಡುಕಿ. ಇದ್ದರೆ ಅದನ್ನೇ ನಂಬಿ.

ಶೇಕಡಾ ಲೆಕ್ಕ ಇದಕ್ಕಿಂತ ಸುಲಭ. ಅದು ಹೇಳುವುದು ಒಟ್ಟು ಮಿಶ್ರಣದಲ್ಲಿ ಮೂಲ ದ್ರವದ ಪಾಲನ್ನು. ಶೇ. 10 ಎಂದರೆ ಒಂದು ಲೀಟರ್ ಮಿಶ್ರಣದಲ್ಲಿ 100 ಮಿ.ಲೀ. ದ್ರವ, 900 ಮಿ.ಲೀ. ನೀರು. ಅನುಪಾತಕ್ಕೆ ತಿರುಗಿಸಿದರೆ 1:9. ಹಾಗೆಯೇ ಶೇ. 20 ಎಂದರೆ 1:4, ಶೇ. 25 ಎಂದರೆ 1:3, ಶೇ. 5 ಎಂದರೆ 1:19.

ಮೂಲ ದ್ರವದಲ್ಲೇ ಮೊದಲಿನಿಂದ ನೀರಿದ್ದರೆ ಲೆಕ್ಕಕ್ಕೆ ಒಂದು ಮೆಟ್ಟಿಲು ಹೆಚ್ಚು. ಪಾಲಿಷ್ ಮಾಡಿದ ಮೇಲೆ ಎಣ್ಣೆಯಂಶ ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್ ಬಳಸುವವರು ತಪ್ಪುವುದು ಇಲ್ಲಿ. ಬಾಟಲಿಯಲ್ಲಿರುವುದು ಶೇ. 70ರ ಆಲ್ಕೋಹಾಲ್ ಆದರೆ, ಅದನ್ನು 1:4 ಮಾಡಿದಾಗ ಸಿಗುವುದು ಶೇ. 20 ಅಲ್ಲ. 70ರ ಐದನೇ ಒಂದು ಪಾಲು, ಅಂದರೆ ಶೇ. 14.

1:256 ಎಂಬ ಸಂಖ್ಯೆ ಎಲ್ಲಿಂದ ಬಂತು? ಜಾಲಿಸದೆ ತೊಳೆಯುವ ರಿನ್ಸ್‌ಲೆಸ್ ವಾಷ್ ದ್ರವಗಳಲ್ಲಿ ಇದು ಕಾಣುತ್ತದೆ. ಅಮೆರಿಕದ ಒಂದು ಗ್ಯಾಲನ್ನಿಗೆ 128 ದ್ರವ ಔನ್ಸು. ಎರಡು ಗ್ಯಾಲನ್ ನೀರಿಗೆ ಒಂದು ಔನ್ಸು ಹಾಕಿ ಎಂದರೆ 1:256. ಒಂದು ಗ್ಯಾಲನ್ನಿಗೆ ಒಂದು ಔನ್ಸು ಆದರೆ 1:128, ಎರಡಾದರೆ 1:64. ಈ ಸಂಖ್ಯೆಗಳಲ್ಲಿ ರಸಾಯನದ ಗುಟ್ಟೇನೂ ಇಲ್ಲ, ಅವರ ಅಳತೆ ಹಾಗಿದೆ. ಲೀಟರಿನಲ್ಲಿ ಲೆಕ್ಕ ಹಾಕುವವರಿಗೆ 1:256 ಎಂದರೆ 10 ಲೀಟರ್ ಬಕೆಟ್ಟಿಗೆ 39 ಮಿ.ಲೀ., 5 ಲೀಟರಿಗೆ ಸುಮಾರು 20 ಮಿ.ಲೀ. ಬ್ರಿಟನ್ನಿನ ಗ್ಯಾಲನ್ ಬೇರೆ ಎಂಬುದೂ ನೆನಪಿರಲಿ. ಅದು 4.55 ಲೀಟರ್, ಅಮೆರಿಕದ್ದು 3.79 ಲೀಟರ್.

ಇನ್ನು ಮುಚ್ಚಳ. ‘ಎರಡು ಮುಚ್ಚಳ’ ಎಂಬುದು ಅಳತೆಯೇ ಅಲ್ಲ. ಅದೇ ತಯಾರಕರ ಚಿಕ್ಕ ಬಾಟಲಿಗೊಂದು, ದೊಡ್ಡ ಕ್ಯಾನಿಗೊಂದು ಅಳತೆಯ ಮುಚ್ಚಳವಿರುತ್ತದೆ. ಸೂಜಿಯಿಲ್ಲದ ಸಿರಿಂಜಿನಿಂದ ಮುಚ್ಚಳಕ್ಕೆ ನೀರು ತುಂಬಿ, ಎಷ್ಟು ಹಿಡಿಯಿತೆಂದು ನೋಡಿ, ಆ ಸಂಖ್ಯೆಯನ್ನು ಮುಚ್ಚಳದ ಮೇಲೆಯೇ ಬರೆದಿಡುವುದು ಒಂದೇ ಉಪಾಯ.

## ಹೆಚ್ಚು ಹಾಕಿದರೆ ಹೆಚ್ಚು ಹೊಳೆಯುವುದಿಲ್ಲ, ಯಾಕೆ?

ಶಾಂಪೂವಿನಲ್ಲಿ ಕೊಳೆ ಎಬ್ಬಿಸುವ ಕೆಲಸ ಸರ್ಫ್ಯಾಕ್ಟೆಂಟ್ ಎಂಬ ಅಣುಗಳದ್ದು. ಈ ಅಣುವಿನ ಒಂದು ತುದಿಗೆ ನೀರು ಇಷ್ಟ, ಇನ್ನೊಂದು ತುದಿಗೆ ಎಣ್ಣೆ ಇಷ್ಟ. ನೀರಿನಲ್ಲಿ ಇವು ಕೆಲವೇ ಇದ್ದಾಗ ನೀರಿನ ಮೇಲ್ಮೈಯಲ್ಲೂ ಕಾರಿನ ಮೈಮೇಲೂ ಹರಡಿಕೊಂಡಿರುತ್ತವೆ. ಒಂದು ಮಟ್ಟ ದಾಟಿದ ಮೇಲೆ ಎಣ್ಣೆ ಇಷ್ಟಪಡುವ ತುದಿಗಳನ್ನು ಒಳಗೆ ಮಾಡಿಕೊಂಡು ಪುಟ್ಟ ಉಂಡೆಗಳಾಗಿ ಗುಂಪುಗೂಡುತ್ತವೆ. ಈ ಗುಂಪಿಗೆ ಮಿಸೆಲ್ ಎಂದು ಹೆಸರು. ಎಣ್ಣೆ ಜಿಡ್ಡನ್ನು ಒಳಗೆ ಹಿಡಿದಿಟ್ಟುಕೊಂಡು ನೀರಿನ ಜೊತೆ ಸಾಗಿಸುವುದು ಈ ಉಂಡೆಗಳೇ.

ಇದರಿಂದ ಎರಡು ವಿಷಯ ತಿಳಿಯುತ್ತದೆ. ದ್ರವ ತೀರಾ ತೆಳುವಾಗಿ ಆ ಮಟ್ಟಕ್ಕಿಂತ ಕೆಳಗಿಳಿದರೆ ಮಿಸೆಲ್‌ಗಳೇ ಇರುವುದಿಲ್ಲ, ಜಿಡ್ಡು ಎಬ್ಬಿಸುವ ಶಕ್ತಿ ಥಟ್ಟನೆ ಕುಸಿಯುತ್ತದೆ. ಮಟ್ಟ ದಾಟಿ ಸಾಕಷ್ಟು ಮೇಲೆ ಹೋದ ನಂತರ ಇನ್ನೂ ಸುರಿದದ್ದರಿಂದ ಸಿಗುವ ಲಾಭ ಅಲ್ಪ. ಹೆಚ್ಚುವರಿ ದ್ರವಕ್ಕೆ ಹಿಡಿಯಲು ಕೊಳೆಯಿಲ್ಲ, ಹಾಗಾಗಿ ಅದು ಮೈಮೇಲೆ ಉಳಿದು ಒಣಗುತ್ತದೆ. ಗಾಜಿನ ಮೇಲೆ ಗೆರೆ, ಕಪ್ಪು ಪ್ಲಾಸ್ಟಿಕ್ಕಿನ ಮೇಲೆ ಬಿಳಿ ಮಬ್ಬು, ಸೀಟಿನ ಬಟ್ಟೆಯಲ್ಲಿ ಅಂಟು. ಬಟ್ಟೆಯಲ್ಲಿ ಉಳಿದ ಅಂಟಂತೂ ಹೊಸ ಧೂಳನ್ನು ಕರೆದು ಕೂರಿಸಿಕೊಳ್ಳುತ್ತದೆ. ತೊಳೆದ ಸೀಟು ಬೇಗ ಮತ್ತೆ ಕೊಳೆಯಾಯಿತು ಎಂಬ ದೂರಿನ ಹಿಂದೆ ಅನೇಕ ಸಲ ಇರುವುದು ಇದೇ.

ಜರ್ಮನಿಯ ರಸಾಯನ ತಜ್ಞ ಹರ್ಬರ್ಟ್ ಸಿನ್ನರ್ 1959ರಲ್ಲಿ ಶುಚಿಗೊಳಿಸುವ ಕೆಲಸವನ್ನು ನಾಲ್ಕು ಅಂಶಗಳ ವೃತ್ತವಾಗಿ ಬಿಡಿಸಿಟ್ಟರು: ರಾಸಾಯನಿಕ, ಉಜ್ಜುವಿಕೆ, ತಾಪ, ಸಮಯ. ಒಂದು ಕಡಿಮೆಯಾದರೆ ಉಳಿದವು ಅದನ್ನು ತುಂಬಿಕೊಡಬೇಕು. 1:10ರಲ್ಲಿ ಕಲೆ ಹೋಗಲಿಲ್ಲ ಎಂದ ಕೂಡಲೇ 1:4ಕ್ಕೆ ಹಾರುವ ಮೊದಲು ಇನ್ನೊಂದು ನಿಮಿಷ ನೆನೆಯಬಿಟ್ಟು, ಮೆದು ಬ್ರಷ್ಷಿನಿಂದ ತಿಕ್ಕಿ ನೋಡುವುದು ಈ ಕಾರಣಕ್ಕೆ.

## ನೀರು ಬೆರೆಸಿದ ಮಾತ್ರಕ್ಕೆ ಸೌಮ್ಯವಾಗುವುದಿಲ್ಲ

ಆಲ್ ಪರ್ಪಸ್ ಕ್ಲೀನರ್‌ಗಳಲ್ಲಿ ಹೆಚ್ಚಿನವು ಕ್ಷಾರೀಯ. ಹತ್ತು ಪಟ್ಟು ತೆಳು ಮಾಡಿದರೆ ಅದರ ಕಟುತ್ವವೂ ಹತ್ತರಲ್ಲಿ ಒಂದಾಗಿ, ಯಾವುದಕ್ಕೂ ಹಾನಿಯಾಗದಷ್ಟು ಮೆತ್ತಗಾಗಿರುತ್ತದೆ ಎಂಬ ಭಾವನೆ ಸಾಮಾನ್ಯ. ಪಿಎಚ್ ಅಳತೆಪಟ್ಟಿ ಹಾಗೆ ನಡೆಯುವುದಿಲ್ಲ. ಅದರಲ್ಲಿ ಒಂದೊಂದು ಮೆಟ್ಟಿಲೂ ಹತ್ತು ಪಟ್ಟಿನದು. ಪಿಎಚ್ 13ರ ಪ್ರಬಲ ಕ್ಷಾರವನ್ನು ಒಟ್ಟು ಹತ್ತು ಪಟ್ಟು ಮಾಡಿದರೆ, ಅಂದರೆ 1:9ಕ್ಕೆ ತಂದರೆ, ಪಿಎಚ್ 12 ಆಗುತ್ತದೆ. ನೂರು ಪಟ್ಟು ಮಾಡಿದರೂ 11. ತಟಸ್ಥ ಎನ್ನುವುದು 7, ಇನ್ನೂ ಬಹಳ ದೂರ. ಪಿಎಚ್ ಕದಲದಂತೆ ಬಫರ್ ಸೇರಿಸಿದ ದ್ರವವಾದರೆ ಇಳಿಕೆ ಇನ್ನೂ ಕಡಿಮೆ.

ಅದಕ್ಕೇ ಬಣ್ಣ ಬಳಿಯದ ಅಲ್ಯೂಮಿನಿಯಂ, ಆನೊಡೈಸ್ ಮಾಡಿದ ಕಿಟಕಿಯಂಚಿನ ಪಟ್ಟಿ, ಪಾಲಿಷ್ ಮಾಡಿದ ವೀಲ್ ಇವುಗಳ ಮೇಲೆ ಕ್ಷಾರೀಯ ದ್ರವ ‘ತೆಳುವಾಗಿಯೇ ಇತ್ತಲ್ಲ’ ಎಂದರೂ ಬಿಳಿ ಕಲೆ ಬಿಡಬಲ್ಲದು. ಅಂಥ ಲೋಹಕ್ಕೆ ಅನುಪಾತ ಬದಲಿಸುವುದಲ್ಲ, ದ್ರವವನ್ನೇ ಬದಲಿಸಿ ಪಿಎಚ್ ತಟಸ್ಥವಾದದ್ದನ್ನು ಆರಿಸಬೇಕು. ವೀಲ್ ತೊಳೆಯುವ ಆಮ್ಲಗಳಿಗೂ ಇದೇ ಮಾತು ಅನ್ವಯಿಸುತ್ತದೆ, ಆದರೆ ಅಲ್ಲಿ ಅಪಾಯ ಇನ್ನೂ ಹೆಚ್ಚು. ಹೈಡ್ರೊಫ್ಲೋರಿಕ್ ಆಮ್ಲ ಅಥವಾ ಅಮೋನಿಯಂ ಬೈಫ್ಲೋರೈಡ್ ಇರುವವು ಚರ್ಮದ ಮೂಲಕ ಒಳಗಿಳಿದು ಮೂಳೆಯವರೆಗೂ ಹಾನಿ ಮಾಡಬಲ್ಲವು. ಚೀಟಿಯಲ್ಲಿ ಆ ಹೆಸರು ಕಂಡರೆ ಮನೆಬಳಕೆಗೆ ಬೇಡವೇ ಬೇಡ.

ಬಿಸಿಲಿನಲ್ಲಿ ಕಾದ ಬಾನೆಟ್ಟಿನ ಮೇಲೆ ಇನ್ನೊಂದು ಆಟ ನಡೆಯುತ್ತದೆ. 1:10ರ ದ್ರವ ಸಿಂಪಡಿಸಿದ್ದೀರಿ. ಅದರ ನೀರಿನಲ್ಲಿ ಅರ್ಧ ಆವಿಯಾದಾಗ ಉಳಿಯುವುದು 1:5. ಪೂರ್ತಿ ಒಣಗುವ ಹೊತ್ತಿಗೆ ಮೈಮೇಲಿರುವುದು ಹೆಚ್ಚುಕಡಿಮೆ ಮೂಲ ದ್ರವವೇ. ಬಾಟಲಿಯಲ್ಲಿ ಎಷ್ಟು ಜತನದಿಂದ ಅಳೆದಿದ್ದರೂ ಬಿಸಿ ಮೈ ಆ ಲೆಕ್ಕವನ್ನು ಅಳಿಸಿಹಾಕುತ್ತದೆ. ನೆರಳು, ತಣ್ಣನೆಯ ಮೈ, ಒಣಗುವ ಮೊದಲೇ ಜಾಲಿಸುವುದು ಇವೂ ಅನುಪಾತದ ಭಾಗವೇ. ಇದರ ಉಲ್ಟಾ ಕೂಡ ಇದೆ. ಆಗಷ್ಟೇ ನೀರು ಹಾಯಿಸಿದ ಒದ್ದೆ ಬಾಗಿಲಿನ ಮೇಲೆ ಸಿಂಪಡಿಸಿದ್ದು ಅಲ್ಲಿನ ನೀರಿನ ಜೊತೆ ಸೇರಿ ಇನ್ನಷ್ಟು ತೆಳುವಾಗುತ್ತದೆ. ಮೊದಲ ಸುತ್ತಿನ ಪ್ರೀವಾಷ್ ಅನ್ನು ಒಣ ಕಾರಿನ ಮೇಲೆಯೇ ಸಿಂಪಡಿಸಿ ಎಂದು ಹಲವು ತಯಾರಕರು ಹೇಳುವುದಕ್ಕೆ ಇದೂ ಒಂದು ಕಾರಣ.

## ಫೋಮ್ ಲಾನ್ಸ್: ಎರಡು ಸಲ ನೀರು ಬೀಳುವ ಜಾಗ

ಸ್ಪ್ರೇ ಬಾಟಲಿಯಲ್ಲಿ ಬೆರೆಸಿದ್ದೇ ಕಾರಿಗೆ ತಾಗುತ್ತದೆ. ಪ್ರೆಷರ್ ವಾಷರಿಗೆ ಸಿಕ್ಕಿಸುವ ಫೋಮ್ ಲಾನ್ಸ್‌ನಲ್ಲಿ ಹಾಗಲ್ಲ. ಅದರ ಬಾಟಲಿಯಲ್ಲಿ ನೀವು ಒಮ್ಮೆ ನೀರು ಬೆರೆಸಿರುತ್ತೀರಿ. ಯಂತ್ರದಿಂದ ರಭಸವಾಗಿ ಬರುವ ನೀರು ಆ ಮಿಶ್ರಣವನ್ನು ಕೊಳವೆಯಿಂದ ಹೀರಿಕೊಂಡು ಹೊರಗೆ ಚಿಮ್ಮುವಾಗ ಎರಡನೇ ಸಲ ನೀರು ಬೆರೆಯುತ್ತದೆ. ಹೀಗೆ ಕಾರಿನ ಮೈಗೆ ಕೊನೆಗೆ ತಲುಪುವ ಗಾಢತೆಯನ್ನು ಈ ಕೆಲಸದವರು ಪ್ಯಾನೆಲ್ ಇಂಪ್ಯಾಕ್ಟ್ ರೇಶಿಯೊ ಎನ್ನುತ್ತಾರೆ, ಚುಟುಕಾಗಿ ಪಿಐಆರ್.

ನಿಮ್ಮ ಲಾನ್ಸ್ ಎಷ್ಟು ಹೀರುತ್ತದೆ ಎಂದು ಒಮ್ಮೆ ಅಳೆದಿಟ್ಟುಕೊಂಡರೆ ಮುಂದೆ ಊಹೆ ಬೇಕಿಲ್ಲ. ಲಾನ್ಸಿನ ಬಾಟಲಿಗೆ ಸರಿಯಾಗಿ ಒಂದು ಲೀಟರ್ ಬರೀ ನೀರು ಹಾಕಿ. ಮೇಲಿನ ತಿರುಗಣೆಯನ್ನು ನೀವು ಯಾವಾಗಲೂ ಬಳಸುವ ಜಾಗದಲ್ಲಿಡಿ. ದೊಡ್ಡ ಡ್ರಮ್ಮಿಗೋ ಸಾಲಾಗಿಟ್ಟ ಬಕೆಟ್‌ಗಳಿಗೋ ಸಿಂಪಡಿಸುತ್ತ, ಬಾಟಲಿ ಖಾಲಿಯಾದ ಕ್ಷಣ ನಿಲ್ಲಿಸಿ. ಒಟ್ಟು ಎಷ್ಟು ಲೀಟರ್ ಬಿತ್ತು ನೋಡಿ. ಡ್ರಮ್ ಇಲ್ಲದಿದ್ದರೆ ಗಡಿಯಾರ ಸಾಕು. ಯಂತ್ರ ನಿಮಿಷಕ್ಕೆ 6 ಲೀಟರ್ ನೀರು ಕೊಡುತ್ತದೆ, ಬಾಟಲಿ ಖಾಲಿಯಾಗಲು 90 ಸೆಕೆಂಡು ಹಿಡಿಯಿತು ಎನ್ನಿ. ಯಂತ್ರದಿಂದ 9 ಲೀಟರ್, ಬಾಟಲಿಯಿಂದ 1, ಒಟ್ಟು 10. ಯಂತ್ರದ ಮೇಲೆ ಬರೆದಿರುವ ಗರಿಷ್ಠ ಹರಿವನ್ನು ಮಾತ್ರ ಇಲ್ಲಿ ಬಳಸಬೇಡಿ, ನಿಜವಾದ ಹರಿವು ಅದಕ್ಕಿಂತ ಕಡಿಮೆ ಇರುವುದೇ ಹೆಚ್ಚು. ಬಕೆಟ್ ತುಂಬಿಸಿ ಅಳೆಯಿರಿ.

ಈಗ ಲೆಕ್ಕ. ಹೊರಬಿದ್ದದ್ದು 10 ಲೀಟರ್. ಕಾರಿನ ಮೈಮೇಲೆ ಶೇ. 1 ಬೇಕೆಂದು ದ್ರವದ ಚೀಟಿ ಹೇಳುತ್ತದೆ. 10 ಲೀಟರಿನ ಶೇ. 1 ಎಂದರೆ 100 ಮಿ.ಲೀ. ಹಾಗಾದರೆ ಬಾಟಲಿಗೆ 100 ಮಿ.ಲೀ. ದ್ರವ, 900 ಮಿ.ಲೀ. ನೀರು. ಶೇ. 2 ಬೇಕಾದರೆ 200 ದ್ರವ, 800 ನೀರು. ತಿರುಗಣೆಯನ್ನು ತೆಳುವಿನ ಕಡೆಗೆ ತಿರುಗಿಸಿ, ಬಾಟಲಿ ಖಾಲಿಯಾಗುವಷ್ಟರಲ್ಲಿ 20 ಲೀಟರ್ ಹೋಗುವಂತಾದರೆ, ಅದೇ ಶೇ. 1ಕ್ಕೆ 200 ಮಿ.ಲೀ. ಬೇಕಾಗುತ್ತದೆ.

ಇದನ್ನು ಗಮನಿಸದೆ, ಚೀಟಿಯಲ್ಲಿ 1:10 ಎಂದಿದೆಯೆಂದು ಲಾನ್ಸಿನ ಒಂದು ಲೀಟರ್ ಬಾಟಲಿಯಲ್ಲಿ 1:10 ಬೆರೆಸಿದರೆ ಏನಾಗುತ್ತದೆ? ಬಾಟಲಿಯಲ್ಲಿ 91 ಮಿ.ಲೀ. ದ್ರವ, ಹೊರಗೆ 10 ಲೀಟರ್. ಕಾರಿಗೆ ತಾಗಿದ್ದು ಶೇ. 0.9, ಅಂದರೆ 1:109. ಹತ್ತು ಪಟ್ಟು ತೆಳು! ಆ 1:10 ಬಾಟಲಿಯ ಮಿಶ್ರಣಕ್ಕೆ ಹೇಳಿದ್ದೋ ಕಾರಿನ ಮೈಗೆ ಹೇಳಿದ್ದೋ ಎಂಬುದನ್ನು ಚೀಟಿಯಲ್ಲಿ ಮೊದಲು ನೋಡಬೇಕು. ‘ಲಾನ್ಸ್ ಬಾಟಲಿಯಲ್ಲಿ 1:10’ ಎಂದಿದ್ದರೆ ತಯಾರಕರು ಎರಡನೇ ನೀರನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ ಎಂದರ್ಥ. ‘ಪ್ಯಾನೆಲ್’ ಅಥವಾ ‘ಪಿಐಆರ್’ ಎಂದಿದ್ದರೆ ಮೇಲಿನ ಲೆಕ್ಕ ನಿಮ್ಮದು. ಸ್ಪ್ರೇ ಬಾಟಲಿಗೆಂದು ಹೇಳಿದ ಅನುಪಾತವನ್ನು ಲಾನ್ಸಿಗೆ ಎತ್ತಿ ಹಾಕಿದರೆ ಲೆಕ್ಕ ಕೂಡುವುದಿಲ್ಲ. ಕೆಲವು ಸಲ ಅದು ಸಾಧ್ಯವೂ ಇಲ್ಲ. ಮೇಲಿನ ಲಾನ್ಸಿನಲ್ಲಿ ನೀರೇ ಬೆರೆಸದ ಮೂಲ ದ್ರವ ತುಂಬಿದರೂ ಕಾರಿಗೆ ತಾಗುವುದು ಶೇ. 10 ಮಾತ್ರ. 1:4 ಎಂದರೆ ಶೇ. 20. ಅಂಥ ಕೆಲಸಕ್ಕೆ ಕೈಯಿಂದ ಗಾಳಿ ತುಂಬುವ ಪಂಪ್ ಸ್ಪ್ರೇಯರ್ ಬೇಕು.

ಲಾನ್ಸಿನ ಹೀರುವಿಕೆ ಸ್ಥಿರವಲ್ಲ ಎಂಬುದನ್ನೂ ಹೇಳಬೇಕು. ಜೇನಿನಂತೆ ಮಂದವಾದ ಫೋಮ್ ದ್ರವವನ್ನು ಅದು ನೀರಿನಷ್ಟು ಸಲೀಸಾಗಿ ಹೀರುವುದಿಲ್ಲ. ಉಗುರುಬೆಚ್ಚಗಿನ ನೀರಿನಲ್ಲಿ ಮೊದಲೇ ಕಲಕಿದರೆ ಒಳ್ಳೆಯದು. ಒಳಗಿನ ಲೋಹದ ಜಾಲರಿ ದ್ರವದ ಅಂಟಿನಿಂದಲೂ ಸುಣ್ಣದಿಂದಲೂ ಕಟ್ಟಿಕೊಂಡರೆ ನೊರೆ ದಿನೇ ದಿನೇ ನೀರಾಗುತ್ತ ಹೋಗುತ್ತದೆ. ಆಗ ಜನ ದ್ರವ ಹೆಚ್ಚಿಸುತ್ತಾರೆ, ಬದಲಿಸಬೇಕಾದದ್ದು ಜಾಲರಿ. ಸಾಮಾನ್ಯ ಲಾನ್ಸುಗಳ ನೀರಿನ ರಂಧ್ರ 1.25 ಮಿ.ಮೀ. ಹರಿವು ಕಡಿಮೆಯಿರುವ ಚಿಕ್ಕ ಯಂತ್ರಗಳಿಗೆ 1.1 ಮಿ.ಮೀ. ರಂಧ್ರ ಹಾಕಿದರೆ ಒತ್ತಡ ಏರಿ ನೊರೆ ಗಟ್ಟಿಯಾಗುತ್ತದೆ. ಜಾಲರಿಯನ್ನೋ ರಂಧ್ರವನ್ನೋ ಬದಲಿಸಿದ ಮೇಲೆ ಅಳತೆ ಮತ್ತೊಮ್ಮೆ ಮಾಡಬೇಕು.

ನೊರೆ ದಪ್ಪಗಿದ್ದರೆ ಚೆನ್ನಾಗಿ ತೊಳೆಯುತ್ತದೆ ಎಂದೇನಿಲ್ಲ. ನೊರೆಯಲ್ಲಿ ಹೆಚ್ಚಿರುವುದು ಗಾಳಿ. ಸ್ವಲ್ಪ ತೆಳುವಾಗಿ ನಿಧಾನವಾಗಿ ಜಾರುವ ನೊರೆ ಕೊಳೆಯನ್ನು ಜೊತೆಗೇ ಒಯ್ಯುತ್ತದೆ. ಗೋಡೆಗೆ ಮೆತ್ತಿದಂತೆ ನಿಂತೇ ಬಿಡುವ ನೊರೆ ಫೋಟೊಗೆ ಚೆಂದ.

## ಬಕೆಟ್ಟು, ಬಾಟಲಿ, ಯಾವ ಕೆಲಸಕ್ಕೆ ಎಷ್ಟು

ಬಕೆಟ್ ಶಾಂಪೂಗಳ ಸಂಖ್ಯೆ ದೊಡ್ಡದು, ಅಳತೆ ಚಿಕ್ಕದು. 10 ಲೀಟರ್ ನೀರಿಗೆ 1:400 ಎಂದರೆ 25 ಮಿ.ಲೀ., 1:500 ಎಂದರೆ 20, 1:1000 ಎಂದರೆ ಬರೀ 10 ಮಿ.ಲೀ. ಕಣ್ಣಂದಾಜಿನಲ್ಲಿ ಸುರಿದರೆ ಎರಡು ಮೂರು ಪಟ್ಟು ಸುಲಭವಾಗಿ ಬೀಳುತ್ತದೆ. ಬಕೆಟ್ಟಿನ ಅಂಚಿನ ತನಕದ ಅಳತೆಗೂ ನೀವು ತುಂಬುವ ಮಟ್ಟಕ್ಕೂ ವ್ಯತ್ಯಾಸವಿರುತ್ತದೆ, ಅಲ್ಲಿಯೂ ಒಂದು ಗೆರೆ ಹಾಕಿ.

ಶಾಂಪೂ ಕಡಿಮೆಯಾದರೆ ಮೊದಲು ಹೋಗುವುದು ಜಾರುವ ಗುಣ. ಕೈಗವಸು ಪೇಂಟಿನ ಮೇಲೆ ತಡೆತಡೆದು ಓಡುತ್ತದೆ, ಮರಳಿನ ಕಣ ಉಜ್ಜಿ ಸಣ್ಣ ಗೀರು ಬೀಳುತ್ತದೆ. ಹೆಚ್ಚಾದರೆ ಎಷ್ಟು ನೀರು ಹಾಯಿಸಿದರೂ ಕನ್ನಡಿಯ ಸಂದಿನಿಂದ, ನಂಬರ್ ಪ್ಲೇಟಿನ ಹಿಂದಿನಿಂದ ನೊರೆ ಬರುತ್ತಲೇ ಇರುತ್ತದೆ, ಒಣಗಿದ ಮೇಲೆ ಮಬ್ಬು ಕಾಣುತ್ತದೆ. ರಿನ್ಸ್‌ಲೆಸ್ ದ್ರವಗಳಲ್ಲಿ ಜಾಲಿಸುವ ಹಂತವೇ ಇಲ್ಲದ್ದರಿಂದ ಹೆಚ್ಚಾದದ್ದು ಗೆರೆಯಾಗಿ ಅಲ್ಲೇ ಕೂರುತ್ತದೆ. ಅಲ್ಲಿ ಕಟ್ಟುನಿಟ್ಟು ಹೆಚ್ಚು ಬೇಕು.

ಆಲ್ ಪರ್ಪಸ್ ಕ್ಲೀನರಿಗೆ ಸಾಮಾನ್ಯವಾಗಿ ಕಾಣುವ ಪ್ರಮಾಣ ಹೀಗಿದೆ: ಟೈರು, ಚಕ್ರದ ಮೇಲಿನ ಕಮಾನಿನ ಒಳಭಾಗ, ಎಣ್ಣೆ ಹಿಡಿದ ಜಾಗಗಳಿಗೆ 1:4ರ ಆಸುಪಾಸು, ಒಳಗಿನ ಪ್ಲಾಸ್ಟಿಕ್ಕು, ಕಾಲುಚಾಪೆಗೆ 1:10, ಸೀಟಿನ ಬಟ್ಟೆ, ಮೇಲ್ಚಾವಣಿಯ ಒಳಬಟ್ಟೆ, ಬೇಗ ಬಣ್ಣ ಬಿಡುವಂಥ ಜಾಗಕ್ಕೆ 1:20 ಅಥವಾ ಇನ್ನೂ ತೆಳು. ಇದು ಆರಂಭದ ಅಂದಾಜು ಮಾತ್ರ. ಒಂದು ತಯಾರಕರ 1:10 ಇನ್ನೊಬ್ಬರ 1:30ರಷ್ಟೇ ಗಾಢವಾಗಿರಬಹುದು, ಏಕೆಂದರೆ ಮೂಲ ದ್ರವದಲ್ಲಿ ಅವರವರು ಎಷ್ಟು ನೀರು ಮೊದಲೇ ಹಾಕಿದ್ದಾರೆ ಎಂಬುದು ಬೇರೆ ಬೇರೆ. ಹಾಗಾಗಿ ಚೀಟಿಯ ಮಾತೇ ಅಂತಿಮ. ಅಲ್ಲಿ ‘1:5ರಿಂದ 1:20’ ಎಂದು ವ್ಯಾಪ್ತಿ ಕೊಟ್ಟಿದ್ದರೆ ತೆಳುವಾದ ತುದಿಯಿಂದ ಶುರುಮಾಡಿ, ಕಣ್ಣಿಗೆ ಬೀಳದ ಮೂಲೆಯಲ್ಲಿ ಒರೆಸಿ ನೋಡಿ, ಸಾಲದಿದ್ದರೆ ಒಂದೊಂದೇ ಮೆಟ್ಟಿಲು ಏರಿ. ಮೇಣ ಹಚ್ಚಿದ ಪೇಂಟಿನ ಮೇಲೆ ಗಾಢ ಕ್ಷಾರ ಬಿದ್ದರೆ ಮೇಣ ಸವೆಯುತ್ತದೆ ಎಂಬುದೂ ಗಮನದಲ್ಲಿರಲಿ.

ಖರೀದಿಗೂ ಇದೇ ಲೆಕ್ಕ ಬರುತ್ತದೆ. 1:4ರ ಒಂದು ಲೀಟರ್ ಕ್ಯಾನ್ 5 ಲೀಟರ್ ಮಿಶ್ರಣ ಕೊಡುತ್ತದೆ, 1:20ರದು 21 ಲೀಟರ್. ಒಂದೇ ಕೆಲಸಕ್ಕೆ ಹೇಳಿದ ಅನುಪಾತಗಳನ್ನು ತೆಗೆದುಕೊಂಡು, ಕ್ಯಾನಿನ ಬೆಲೆಯನ್ನು ಒಟ್ಟು ಪಾಲಿನಿಂದ ಭಾಗಿಸಿ ಹೋಲಿಸಿ.

## ಬೆರೆಸಿದ್ದಕ್ಕೆ ಮತ್ತೆ ನೀರು

1:4 ಮಾಡಿಟ್ಟ ಬಾಟಲಿಯಿದೆ, ಈಗ 1:10 ಬೇಕು. ಹೊಸದಾಗಿ ಮಾಡುವುದು ಬೇಡ. ಉಳಿದದ್ದು 250 ಮಿ.ಲೀ. ಎನ್ನಿ. ಅದರ ಐದನೇ ಒಂದು ಪಾಲು, 50 ಮಿ.ಲೀ., ಮೂಲ ದ್ರವ. 1:10ರಲ್ಲಿ ಒಟ್ಟು ಹನ್ನೊಂದು ಪಾಲು, ಆದ್ದರಿಂದ ಒಟ್ಟು 550 ಆಗಬೇಕು. 300 ಮಿ.ಲೀ. ನೀರು ಸೇರಿಸಿ. ತೆಳುವಾದದ್ದನ್ನು ಗಾಢ ಮಾಡಬೇಕಾದರೆ ಮೂಲ ದ್ರವ ಸೇರಿಸುತ್ತ ಲೆಕ್ಕ ಹಾಕುವುದಕ್ಕಿಂತ ಹೊಸದಾಗಿ ಬೆರೆಸುವುದೇ ನೆಮ್ಮದಿ.

ನೀರು ಬೆರೆಸಲೇಬಾರದವೂ ಇವೆ. ಟಾರ್ ತೆಗೆಯುವ ದ್ರವಗಳಲ್ಲಿ ಹೆಚ್ಚಿನವು ಸಾಲ್ವೆಂಟ್ ಆಧಾರಿತ, ನೀರಿನ ಜೊತೆ ಬೆರೆಯುವುದೇ ಇಲ್ಲ. ಕಬ್ಬಿಣದ ಕಣ ತಾಗಿದೊಡನೆ ನೇರಳೆ ಬಣ್ಣಕ್ಕೆ ತಿರುಗುವ ಐರನ್ ರಿಮೂವರ್‌ಗಳನ್ನು ಸಾಮಾನ್ಯವಾಗಿ ಇದ್ದ ಹಾಗೆಯೇ ಬಳಸಲು ತಯಾರಿಸಿರುತ್ತಾರೆ. ಪಾಲಿಷ್ ಕಾಂಪೌಂಡ್, ಮೇಣ, ಸೆರಾಮಿಕ್ ಕೋಟಿಂಗ್ ಇವೂ ಹಾಗೆಯೇ. ಟೈರಿಗೆ ಹಚ್ಚುವ ಡ್ರೆಸ್ಸಿಂಗ್‌ಗಳಲ್ಲಿ ನೀರಿನ ಆಧಾರದ ಕೆಲವನ್ನು 1:1ರ ತನಕ ತೆಳು ಮಾಡಿ ಮಿಂಚು ಕಡಿಮೆ ಮಾಡಿಕೊಳ್ಳಬಹುದು, ಸಾಲ್ವೆಂಟ್ ಆಧಾರದ್ದನ್ನು ಆಗದು.

## ಬೆರೆಸುವಾಗ, ಬೆರೆಸಿದ ಮೇಲೆ

ಕೈಗವಸು, ಕನ್ನಡಕ ಹಾಕಿಕೊಂಡು ಶುರುಮಾಡಿ. ಕಾನ್ಸೆಂಟ್ರೇಟ್ ಕಣ್ಣಿಗೆ ಹಾರುವ ಸಾಧ್ಯತೆ ಹೆಚ್ಚಿರುವುದು ಸುರಿಯುವಾಗಲೇ. ಬಾಟಲಿಗೆ ಮೊದಲು ನೀರು, ಆಮೇಲೆ ದ್ರವ. ದ್ರವದ ಮೇಲೆ ನಲ್ಲಿ ಬಿಟ್ಟರೆ ನೊರೆ ಉಕ್ಕಿ, ಬಾಟಲಿ ತುಂಬಿದಂತೆ ಕಂಡು ನೀರು ಕಡಿಮೆ ಬೀಳುತ್ತದೆ, ಮಿಶ್ರಣ ಗೊತ್ತಿಲ್ಲದೆ ಗಾಢವಾಗುತ್ತದೆ. ಆಮ್ಲವಾದರೆ ನೀರಿಗೆ ಆಮ್ಲ ಎಂಬ ನಿಯಮ ಸುರಕ್ಷತೆಗೇ ಬೇಕು. ಮುಚ್ಚಿ ನಿಧಾನವಾಗಿ ತಲೆಕೆಳಗು ಮಾಡಿ ಬೆರೆಸಿ, ಕುಲುಕಬೇಡಿ.

ಅಳೆಯಲು 50 ಮಿ.ಲೀ.ಗಿಂತ ಕಡಿಮೆಯಾದರೆ ಸಿರಿಂಜ್, ಹೆಚ್ಚಾದರೆ ಅಳತೆ ಜಾರ್. ಡಿಜಿಟಲ್ ತಕ್ಕಡಿಯಿದ್ದರೆ ಇನ್ನೂ ಸುಲಭ. ನೀರು ಒಂದು ಮಿ.ಲೀ.ಗೆ ಒಂದು ಗ್ರಾಂ. ನೀರಿನ ಆಧಾರದ ಶಾಂಪೂ, ಕ್ಲೀನರುಗಳೂ ಬಹುತೇಕ ಅಷ್ಟೇ ತೂಗುವುದರಿಂದ ಮಿ.ಲೀ. ಬದಲು ಗ್ರಾಂ ಇಟ್ಟುಕೊಂಡರೂ ನಡೆಯುತ್ತದೆ.

ನೀರು ಗಡಸಾಗಿದ್ದರೆ ಅದರ ಕ್ಯಾಲ್ಸಿಯಂ, ಮೆಗ್ನೀಸಿಯಂ ಸರ್ಫ್ಯಾಕ್ಟೆಂಟಿನ ಒಂದಷ್ಟು ಭಾಗವನ್ನು ಕೆಲಸಕ್ಕೆ ಬಾರದಂತೆ ಮಾಡುತ್ತವೆ, ಒಣಗಿದ ಮೇಲೆ ತಾವೇ ಬಿಳಿ ಚುಕ್ಕೆಗಳಾಗಿ ಕೂರುತ್ತವೆ. ಗಾಜಿನ ಕ್ಲೀನರ್, ಡಿಟೇಲರ್‌ನಂಥ ಒರೆಸಿ ಬಿಡುವ ದ್ರವಗಳಿಗೆ ಆರ್‌ಒ ಅಥವಾ ಡಿಸ್ಟಿಲ್ಡ್ ನೀರು ಬಳಸಿದರೆ ಗೆರೆಯ ಕಾಟ ಕಡಿಮೆ. ಗೆರೆ ಕಂಡಾಗ ಅನುಪಾತದ ಮೇಲೆ ಅನುಮಾನ ಪಡುವ ಮೊದಲು ನೀರನ್ನೊಮ್ಮೆ ಬದಲಿಸಿ ನೋಡಿ.

ನೀರು ಬೆರೆಸಿದಾಗ ದ್ರವದೊಳಗಿನ ಪ್ರಿಸರ್ವೇಟಿವ್ ಕೂಡ ತೆಳುವಾಗುತ್ತದೆ ಎಂಬುದು ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಕಾನ್ಸೆಂಟ್ರೇಟ್ ವರ್ಷಗಟ್ಟಲೆ ಕೆಡದಿದ್ದರೂ ಬೆರೆಸಿಟ್ಟದ್ದು ಹಾಗಿರುವುದಿಲ್ಲ. ವಾಸನೆ ಬದಲಾದರೆ, ತಳದಲ್ಲಿ ಲೋಳೆ ಕಂಡರೆ ಚೆಲ್ಲಿಬಿಡಿ. ಕೆಲವು ವಾರಗಳಿಗೆ ಬೇಕಾದಷ್ಟೇ ಬೆರೆಸಿ, ಬಾಟಲಿಯ ಮೇಲೆ ದ್ರವದ ಹೆಸರು, ಅನುಪಾತ, ಬೆರೆಸಿದ ದಿನಾಂಕ ಬರೆಯಿರಿ. ಕುಡಿಯುವ ನೀರಿನ ಬಾಟಲಿಯಲ್ಲಿ ಎಂದೂ ತುಂಬಬೇಡಿ. ಒಂದು ದ್ರವ ಮುಗಿದ ಬಾಟಲಿಗೆ ಇನ್ನೊಂದನ್ನು ಹಾಕುವ ಮೊದಲು ಬಾಟಲಿಯನ್ನೂ ಟ್ರಿಗರ್ ಕೊಳವೆಯನ್ನೂ ನೀರಿನಿಂದ ಪೂರ್ತಿ ತೊಳೆಯಿರಿ. ಬ್ಲೀಚ್ ಇರುವ ದ್ರವಕ್ಕೆ ಆಮ್ಲ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಅಮೋನಿಯ ಸೇರಿದರೆ ಕ್ಲೋರಮೈನ್. ಎರಡೂ ಶ್ವಾಸಕೋಶಕ್ಕೆ ವಿಷ, ಮಿಶ್ರಣ ಎಷ್ಟೇ ತೆಳುವಾಗಿದ್ದರೂ ಈ ಪ್ರಯೋಗ ಬೇಡ.